ಎರಡು ವರ್ಷದ ನೌಕರಿ

ಮಜೀದ ದರ್ಜಿ ಬೆಳಗಾವಿಯ ವಕೀಲರಿಗೆ ಕರಿ ಕೋಟು ಹೊಲಿಯುತ್ತಿದ್ದ. ಖಡೇಬಜಾರದ ಒಂದು ಸಂದಿಯಲ್ಲಿದ್ದ ಅವನ ಇಕ್ಕಟ್ಟಾದ ಅಂಗಡಿಗೆ ದೊಡ್ಡ ದೊಡ್ಡ ವಕೀಲರೂ ಬಂದು, ಎರಡೂ ಕೈ ಎತ್ತಿ ನಿಂತು, ಅಳತೆ ಕೊಟ್ಟು ಹೋಗುತ್ತಿದ್ದರು. ಯಾರ ಹೊಟ್ಟೆ ಯಾವ ವರ್ಷ ಎಷ್ಟು ಬೆಳೆಯಿತು ಅನ್ನುವುದು ಅವನಿಗೆ ಬಾಯಿಪಾಠ. ಹೀಗಾಗಿ ಮಗಳು ಜೋಹರಾ ಕಾನೂನು ಓದುತ್ತೇನೆಂದು ಹಟ ಹಿಡಿದಾಗ ಮೊಹಲ್ಲಾದವರೆಲ್ಲ ನಕ್ಕರೂ ಅವನು ನಗಲಿಲ್ಲ.

"ಇಷ್ಟು ಮಂದಿಗೆ ಕೋಟು ಹೊಲದೀನಿ. ಅದರಾಗ ಒಬ್ಬರರ ನನ್ನ ಮಗಳನ್ನ ಜೂನಿಯರ್ ಅಂತ ಇಟಗೊಳ್ಳಂಗಿಲ್ಲೇನು?" ಅಂದ.

ಒಬ್ಬರೂ ಇಟ್ಟುಕೊಳ್ಳಲಿಲ್ಲ. 1975ರಲ್ಲಿ ಜೋಹರಾಳಿಗೆ ವಕೀಲಿಕೆಯ ಸನದು ಬಂತು. ಅಲ್ಲಿಂದ ಒಂದೂವರೆ ವರ್ಷ ಅವಳು ಕೋರ್ಟಿನ ಆವಾರದಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತ ತಿರುಗಿದಳು. ಒಬ್ಬರು, ಕಕ್ಷಿದಾರರು ಹೆಣ್ಣುಮಗಳ ಮುಂದೆ ಮಾತಾಡುವುದಿಲ್ಲ ಅಂದರು. ಇನ್ನೊಬ್ಬರು, ಮದುವೆಯಾದ ಮೇಲೆ ಹೇಗೂ ಬಿಡುತ್ತೀಯಲ್ಲ ತಂಗಿ, ನನಗೇಕೆ ಕಲಿಸುವ ತ್ರಾಸು ಅಂದರು. ಮತ್ತೊಬ್ಬರು ಕೆಲಸದ ಮಾತೇ ಎತ್ತದೆ, ಹೋದ ದೀಪಾವಳಿಗೆ ಹೊಲಿಸಿದ ಕೋಟಿನ ಕಂಕುಳು ಬಿಗಿಯಾಗಿದೆ, ನಿಮ್ಮಪ್ಪನಿಗೆ ಹೇಳು ಅಂದರು. ಅಷ್ಟರಲ್ಲಿ ಮಜೀದನ ಕಣ್ಣಿಗೆ ಪೊರೆ ಬರತೊಡಗಿತ್ತು. ಕರಿ ಬಟ್ಟೆಯ ಮೇಲೆ ಕರಿ ದಾರ ಅವನಿಗೆ ಕಾಣದಾಯಿತು. ಹೊಲಿಗೆಯ ಸಾಲು ಬೆರಳಲ್ಲಿ ಸವರಿ ನೋಡುತ್ತಿದ್ದ.

ಆಗ ಯಾರೋ ಭರಮಣ್ಣನ ಹೆಸರು ಹೇಳಿದರು.

ಭರಮಣ್ಣ ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದು ನಿವೃತ್ತನಾದವನು. ಕೋರ್ಟಿನ ಎದುರು ಒಂದು ಟೈಪಿಂಗ್ ಕ್ಲಾಸಿನ ಮೇಲಿನ ಖೋಲಿಯಲ್ಲಿ ಕೂತು, ಕಾನೂನು ಓದಿದ ಹುಡುಗರಿಗೆ ನೌಕರಿ ಕೂಡಿಸಿಕೊಡುತ್ತಿದ್ದ. ಯಾವ ವಕೀಲರ ಹತ್ತಿರ ಜೂನಿಯರ್ ಬಿಟ್ಟುಹೋದ, ಯಾವ ಸಕ್ಕರೆ ಕಾರ್ಖಾನೆಗೆ ಲಾ ಆಫೀಸರ್ ಬೇಕು, ಎಲ್ಲ ಅವನ ತಲೆಯಲ್ಲಿತ್ತು. ಮೊದಲ ತಿಂಗಳ ಪಗಾರ ಅವನಿಗೆ. ಕೆಳಗಿನಿಂದ ದಿನವಿಡೀ ಟೈಪಿನ ಕಟಕಟ ಕೇಳುತ್ತಿದ್ದ ಆ ಖೋಲಿಯಲ್ಲಿ ಅವನು ಜೋಹರಾಳ ಕಾಗದಗಳನ್ನು ನಿಧಾನವಾಗಿ ಓದಿದ.

"ನೌಕರಿ ಹುಡುಕೂದು ಅಂದ್ರ ಲಗ್ನಕ್ಕ ಹೆಣ್ಣು ಹುಡುಕಿದಂಗ ತಂಗಿ. ಎರಡೂ ಕಡಿ ಕೂಡಿ ಬರಬೇಕು. ನಿನಗ ಅವಸರ ಐತಿ, ನನಗ ಗೊತ್ತೈತಿ. ಆದ್ರ ನಿನ್ನಂಥಾಕಿನ್ನ ಕೇಳೂ ಮನಿ ಇನ್ನೂ ಬಂದಿಲ್ಲ," ಅಂದ.

ಅವನು ಸುಳ್ಳು ಭರವಸೆ ಕೊಡಲಿಲ್ಲವೆಂದೇ ಜೋಹರಾಳಿಗೆ ಅವನ ಮೇಲೆ ನಂಬಿಕೆ ಹುಟ್ಟಿತು. ಭರಮಣ್ಣ ಕಾಕಾ ಎಂದು ಕರೆಯತೊಡಗಿದಳು. ಮೂರು ತಿಂಗಳು ಏನೂ ಆಗಲಿಲ್ಲ. 1977ರ ಮಾರ್ಚ್ ಕೊನೆಗೆ ಅವನೇ ಅಂಗಡಿಗೆ ನಡೆದು ಬಂದ. ಏದುಸಿರು ಬಿಡುತ್ತಿದ್ದ.

"ಕೂಡಿ ಬಂತು ತಂಗಿ. ಖಾನಾಪುರದಾಗ ಹೆಂಚಿನ ಕಾರ್ಖಾನಿ. ಹೆಣ್ಮಗಳೇ ಬೇಕಂತ, ಮುಸಲ್ಮಾನರಾಕೀನೇ ಬೇಕಂತ, ಕಾನೂನು ಓದಿರಬೇಕಂತ. ಹಿಂಗ ಯಾರರ ಕೇಳಿದ್ದು ನನ್ನ ಜನ್ಮದಾಗ ಇದ ಮೊದಲು."

ಆ ರಾತ್ರಿ ಜೋಹರಾ ಸಂತೋಷಕ್ಕೆ ಊಟ ಮಾಡಲಿಲ್ಲ. ಇಷ್ಟು ದಿನ ಯಾವುದು ಬೇಡವಾಗಿತ್ತೋ ಅದನ್ನೇ ಒಬ್ಬರು ಬೇಕೆಂದು ಕೇಳಿದ್ದರು.

ಕಾರ್ಖಾನೆಯ ಮಾಲೀಕ ನಾಗಲಿಂಗಪ್ಪನ ಮನೆ ಹಿಂದವಾಡಿಯಲ್ಲಿತ್ತು. ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಡಿಸಿ ಅವನು ಕೇಳಿದ್ದು ನಾಲ್ಕೇ ಪ್ರಶ್ನೆ.

"ಮನ್ಯಾಗ ಏನ್ ಮಾತಾಡತೀರಿ?"

"ದಖನಿ ಉರ್ದು ರೀ."

"ಕನ್ನಡ ಬರಿಯಾಕ, ಓದಾಕ ಛಲೋ ಬರತೈತಲಾ?"

"ಬರತೈತ್ರಿ."

"ಮಂದಿ ಮನಿಗೆ ಹೋಗೂ ಮುಂದ ಬುರ್ಖಾ ಹಾಕ್ಕೋತೀರೇನು?"

"ಹಾಕ್ಕೋತೀನ್ರಿ."

"ನಮ್ಮ ಕಾರ್ಖಾನಿ ಮಾತು ಹೊರಗ ಆಡಂಗಿಲ್ಲಲಾ?"

"ಇಲ್ರಿ."

ಕಾನೂನಿನ ಬಗ್ಗೆ ಒಂದೂ ಕೇಳಲಿಲ್ಲ. ಕೆಲಸ ಎಂಥದ್ದೆಂದು ಅವಳೇ ಕೇಳಿದ್ದಕ್ಕೆ "ಲೇಬರ್ ಕಡಿಂದು, ಮ್ಯಾನೇಜರ್ ಹೇಳತಾರ" ಅಂದ. ಏಪ್ರಿಲ್ ಒಂದರಿಂದ ಜೋಹರಾ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ ಬರತೊಡಗಿದಳು.

ಮ್ಯಾನೇಜರ್ ಕರೆಪ್ಪ ಮೊದಲ ದಿನವೇ ಬಾಗಿಲು ಮುಚ್ಚಿ ಕೂತು ಹೇಳಿದ.

"ಮಾರ್ಚ್ ಹನ್ನೆರಡನೇ ತಾರೀಖಿಗೆ ನಮ್ಮ ಎರಡನೇ ನಂಬರ್ ಭಟ್ಟಿ ಕಮಾನು ಕುಸೀತು. ಬೆಂಕಿ ನೋಡಿಕೊಳ್ಳೂ ಅಲ್ಲಾಭಕ್ಷ ಅಂತ ಇದ್ದ, ಒಳಗ ಸಿಕ್ಕ. ತಗಿಯೂದ್ರಾಗ ಮುಗಿದಿತ್ತು. ಅವನ ಹೇಣ್ತಿ ಮದರಬೀ ಅಂತ, ಇದ್ದತ್ತಿನಾಗ ಕುಂತಾಳ. ನಾಲ್ಕು ತಿಂಗಳು ಹತ್ತು ದಿನ ಮನಿ ಬಿಟ್ಟು ಹೊರಗ ಬರಂಗಿಲ್ಲಂತ, ಪರಗಂಡಸರಿಗೆ ಮಾರಿ ತೋರಸಂಗಿಲ್ಲಂತ. ಎರಡು ಸಲ ಹೋಗಿ ಬಾಗಲದಿಂದ ತಿರಿಗಿ ಬಂದೆ. ಅದಕ್ಕ ನಿಮ್ಮನ್ನ ತರಿಸೀವಿ."

ಹೀಗೆಂದು ಹಣದ ಒಂದು ಲಕೋಟೆ, ಜೊತೆಗೆ ಒಂದು ಕಾಗದ ಮುಂದೆ ಸರಿಸಿದ. ಜೋಹರಾ ಓದಿದಳು. "ಅಂದು ರಜೆಯ ಮೇಲಿದ್ದ ಅಲ್ಲಾಭಕ್ಷನು ಮದ್ಯದ ಅಮಲಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಭಟ್ಟಿಯೊಳಗೆ ಹೊಕ್ಕು ಮೃತಪಟ್ಟಿರುತ್ತಾನೆ. ಕಾರ್ಖಾನೆಯವರು ದಯಾಪೂರ್ವಕವಾಗಿ ಕೊಟ್ಟ ಸಹಾಯಧನ ನನಗೆ ಮುಟ್ಟಿದೆ. ಇನ್ನಾವ ತಕರಾರೂ ನನಗಿಲ್ಲ." ಕೆಳಗೆ ಹೆಬ್ಬೆಟ್ಟಿಗೆ ಜಾಗ, ಅದರ ಪಕ್ಕಕ್ಕೆ ಓದಿ ಹೇಳಿದವರ ಸಹಿಗೆ ಜಾಗ.

"ಖರೇನೇ ಕುಡಿದಿದ್ನೇನ್ರಿ?" ಅಂದಳು.

"ಬಾಯೀ, ನೀವು ಅಂದು ಇಲ್ಲಿ ಇದ್ದಿರೇನು? ಇದು ಹಿಸೇಬಿಗೆ ಬೇಕಾದ ಕಾಗದ, ಅಷ್ಟ," ಅಂದ ಕರೆಪ್ಪ.

ಜೋಹರಾ ಓದಿದ ಕಾನೂನು ಅವಳಿಗೆ ನೆನಪಿತ್ತು. ಕೆಲಸದ ಮೇಲೆ ಸತ್ತವನ ಪರಿಹಾರವನ್ನು ಹೀಗೆ ಮನೆಯ ಹೊಸ್ತಿಲಲ್ಲಿ ಕೈಗಿಟ್ಟು ಮುಗಿಸುವಂತಿಲ್ಲ, ಸರಕಾರದ ಪರಿಹಾರ ಕಮಿಷನರರ ಬಳಿ ಕಟ್ಟಬೇಕು. ಅಂದ ಮೇಲೆ ಈ ಕಾಗದಕ್ಕೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಕಿಮ್ಮತ್ತಿಲ್ಲದ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿದರೆ ಯಾರಿಗೇನು ಕೇಡು? ನಾಳೆ ಆಕೆ ದಾವೆ ಹಾಕಿದರೆ ಇದು ನಿಲ್ಲುವುದೇ ಇಲ್ಲ. ಹೀಗೆ ತನಗೆ ತಾನೇ ವಾದ ಹೂಡಿ, ತಾನೇ ತೀರ್ಪು ಕೊಟ್ಟುಕೊಂಡು, ಬುರ್ಖಾ ಹಾಕಿಕೊಂಡು ಹೊರಟಳು.

ಮದರಬೀಗೆ ಮೂವತ್ತೈದರ ಸುಮಾರು ವಯಸ್ಸು. ಎರಡು ಹೆಣ್ಣುಮಕ್ಕಳು. ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ಒಡೆದ ಹೆಂಚನ್ನೇ ಹೊದಿಸಿದ ಎರಡು ಖೋಲಿಯ ಮನೆ. ಹೆಣ್ಣು ದನಿ ಕೇಳಿ ಬಾಗಿಲು ತೆರೆದಳು. ತನ್ನ ಮಾತಿನಲ್ಲೇ ಮಾತಾಡುವ, ಓದಿದ ಹುಡುಗಿಯೊಬ್ಬಳು ಚಾಪೆಯ ಮೇಲೆ ಬಂದು ಕೂತದ್ದಕ್ಕೇ ಆಕೆಯ ಕಣ್ಣು ತುಂಬಿದವು. ಹಾಲಿಲ್ಲದ ಚಹಾ ಮಾಡಿ ಕೊಟ್ಟಳು. ಜೋಹರಾ ಆಕೆಯನ್ನು ತಮ್ಮ ಮಾತಿನಲ್ಲಿ ಅಕ್ಕನನ್ನು ಕರೆಯುವಂತೆ ಆಪಾ ಎಂದು ಕರೆದಳು. ಇಬ್ಬರೂ ದಖನಿಯಲ್ಲೇ ಮಾತಾಡಿದರು.

"ಇದರಾಗ ಏನ್ ಬರದಾರ ತಂಗಿ?"

ಹಣದ ಲಕೋಟೆ ಚಾಪೆಯ ಮೇಲಿತ್ತು, ಕಾಗದ ಜೋಹರಾಳ ಕೈಯಲ್ಲಿತ್ತು. ಅದರ ಮೇಲೆ ಕಣ್ಣಿಟ್ಟುಕೊಂಡೇ ಬೇರೆ ಮಾತು ಹೇಳಿದಳು. "ನಿಮ್ಮ ಯಜಮಾನರು ಕೆಲಸದ ಮ್ಯಾಲೆ ತೀರಿಕೊಂಡ್ರು. ಸದ್ಯಕ್ಕ ಇಷ್ಟು ಮುಟ್ಟೈತಿ. ಉಳಿದದ್ದು ಕೇಸು ಮುಗದ ಮ್ಯಾಲೆ ಬರತೈತಿ ಅಂತ ಬರದಾರ ಆಪಾ."

"ಅವರ ಹೆಸರು ಬರದಾರೇನು?"

"ಬರದಾರ."

"ಎಲ್ಲೈತಿ ತೋರಸು."

ಜೋಹರಾ ತೋರಿಸಿದಳು. ಮದರಬೀ ಆ ಸಾಲಿನ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಸವರಿದಳು. ಗಂಡನ ಹೆಸರೂ ಮದ್ಯದ ಅಮಲೂ ಒಂದೇ ಸಾಲಿನಲ್ಲಿದ್ದವು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಅದರ ಪಕ್ಕದಲ್ಲಿ ಜೋಹರಾ ಸಹಿ ಮಾಡಿದಳು.

ಒಂದು ವಾರ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಕೊನೆಗೆ, ಪರಿಹಾರದ ಹಣ ಕಮಿಷನರರ ಬಳಿ ಕಟ್ಟುವುದು ಕಾನೂನು ಎಂದು ಮಾಲೀಕರಿಗೆ ಒಂದು ಟಿಪ್ಪಣಿ ಬರೆದಳು. ಮರುದಿನ ಕರೆಪ್ಪ ಆ ಟಿಪ್ಪಣಿಯನ್ನು ಅವಳ ಮೇಜಿನ ಮೇಲಿಟ್ಟು, "ನಿಮಗ ಇದನ್ನ ಬರೀರಿ ಅಂತ ಯಾರ್ ಹೇಳಿದ್ರು?" ಅಂದ. ದನಿ ಏರಿಸಲಿಲ್ಲ. "ಆಕಿ ಕಡೆ ತಿಂಗಳಿಗೊಮ್ಮೆ ಹೋಗಿ ಬರ್ರಿ. ಕೇಸು ನಡದೈತಿ ಅನ್ರಿ. ಬ್ಯಾರೆ ಎಲ್ಲೂ ಹೋಗೂದು ಬ್ಯಾಡ ಅನ್ರಿ. ಅಷ್ಟ ನಿಮ್ಮ ಕೆಲಸ."

ಆ ತಿಂಗಳ ಪಗಾರ ಭರಮಣ್ಣನಿಗೆ ಹೋಯಿತು. ಮುಂದಿನ ಪಗಾರಗಳಲ್ಲಿ ಮಜೀದನ ಒಂದು ಕಣ್ಣಿನ ಆಪರೇಷನ್ ಆಯಿತು, ಆರು ತಿಂಗಳಿಗೆ ಇನ್ನೊಂದರದು. ದಪ್ಪ ಕನ್ನಡಕ ಹಾಕಿಕೊಂಡು ಅವನು ಮತ್ತೆ ಮಶೀನಿನ ಮುಂದೆ ಕೂತು, ದಾರ ಪೋಣಿಸಿ, ಮಗಳ ಕಡೆ ನೋಡಿ ನಕ್ಕ ದಿನ ಜೋಹರಾ, ಇನ್ನೊಂದು ಸ್ವಲ್ಪ ದಿನ ತಡೆಯೋಣ, ಆಮೇಲೆ ಆಪಾಗೆ ಎಲ್ಲ ಹೇಳಿದರಾಯಿತು ಅಂದುಕೊಂಡಳು. ಆ ಸ್ವಲ್ಪ ದಿನಗಳು ಬೆಳೆಯುತ್ತಲೇ ಹೋದವು.

ಇದ್ದತ್ತು ಮುಗಿದ ಮೇಲೆ ಮದರಬೀ ಅದೇ ಕಾರ್ಖಾನೆಗೆ ಹಸಿ ಹೆಂಚು ಹೊರಲು ಬಂದಳು. ಬೇರೆ ಗತಿ ಇರಲಿಲ್ಲ. ಆಫೀಸಿನ ಕಿಡಕಿಯಿಂದ ಜೋಹರಾಳಿಗೆ ಅಂಗಳ ಕಾಣುತ್ತಿತ್ತು. ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಸಾಲಾಗಿ ಹೆಂಚು, ಎರಡನೇ ನಂಬರ್ ಭಟ್ಟಿಯ ಮುಂದೆ ಹಾಯುವಾಗ ಮಾತ್ರ ಆಕೆ ಮುಖ ಈ ಕಡೆ ತಿರುಗಿಸುತ್ತಿದ್ದಳು. ಹೊಸ ಕಮಾನು ಕಟ್ಟಿ ಅದಕ್ಕೆ ಮತ್ತೆ ಬೆಂಕಿ ಹಾಕಿದ್ದರು.

"ಕೇಸು ಎಲ್ಲಿಗೆ ಬಂತು ತಂಗಿ?" ಎಂದು ಕೇಳುತ್ತಿದ್ದಳು.

"ನಡದೈತಿ ಆಪಾ."

"ನೀ ಇದ್ದಿ ಅಂತ ನನಗ ಧೈರ್ಯ," ಅನ್ನುತ್ತಿದ್ದಳು ಮದರಬೀ. ಈದಿಗೆ ಶೀರಖುರ್ಮಾ ಪಾಯಸ ಮಾಡಿ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದಳು. ರೈಲಿನಲ್ಲಿ ಜೋಹರಾ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮನೆಗೆ ಒಯ್ದಳು. ಅವಳು ತಿನ್ನಲಿಲ್ಲ, ಮಜೀದ ಚಪ್ಪರಿಸಿ ತಿಂದ.

1979ರ ಫೆಬ್ರವರಿಯಲ್ಲಿ ಭರಮಣ್ಣ ಹೇಳಿಕಳಿಸಿದ. ಹೋದಾಗ ಅವನು ಖುಷಿಯಲ್ಲಿದ್ದ.

"ಕುಂದರು ತಂಗಿ. ಇನ್ನ ರೈಲಿನಾಗ ಅಡ್ಡಾಡೂ ಕಷ್ಟ ಇಲ್ಲ ನಿನಗ. ಇಲ್ಲೇ ಬೆಳಗಾವ್ಯಾಗ ಒಂದು ಸಕ್ಕರಿ ಕಂಪನಿ ಆಫೀಸು, ಪಗಾರಾನೂ ಜಾಸ್ತಿ. ಮಾರ್ಚ್ ಹನ್ನೆರಡಕ್ಕ ಅದನ್ನ ಬಿಡತಿ, ಹದಿನೈದಕ್ಕ ಇಲ್ಲಿ ಸೇರಿದ್ರ ಆತು."

ಜೋಹರಾಳಿಗೆ ತಿಳಿಯಲಿಲ್ಲ. "ನಾ ಎಲ್ಲಿ ಬಿಡತೀನಿ ಅಂದೆ ಕಾಕಾ?"

"ನೀ ಅನ್ನೂದೇನೈತಿ? ಅವರು ಕೇಳಿದ್ದೇ ಎರಡು ವರ್ಷದ ಮಟ್ಟಿಗೆ," ಎಂದು ಭರಮಣ್ಣ ಫೈಲು ಬಿಚ್ಚಿ ನಾಗಲಿಂಗಪ್ಪನ ಪತ್ರ ಮುಂದಿಟ್ಟ. ಮಾರ್ಚ್ ಇಪ್ಪತ್ತು, 1977. ಭಟ್ಟಿ ಕುಸಿದ ಎಂಟನೇ ದಿನ ಬರೆದದ್ದು. ಮುಸ್ಲಿಂ ಮಹಿಳೆ, ಕಾನೂನು ಪದವಿ, ಮನೆಮಾತು ದಖನಿ, ಅವಧಿ 1979ರ ಮಾರ್ಚ್ ಹನ್ನೆರಡರ ತನಕ.

ಕೆಲಸದ ಮೇಲೆ ಸತ್ತವನ ಮನೆಯವರು ಪರಿಹಾರ ಕೇಳಲು ಕಾನೂನು ಕೊಟ್ಟಿದ್ದು ಎರಡು ವರ್ಷ. ಅದು ದಾಟಿದರೆ ಸಾಮಾನ್ಯವಾಗಿ ಅರ್ಜಿ ಹಿಡಿಯುವುದಿಲ್ಲ. ಜೋಹರಾಳ ನೌಕರಿ ಆ ಗಡುವಿನ ದಿನಕ್ಕೇ ಮುಗಿಯುತ್ತಿತ್ತು. ಮೊದಲ ದಿನದಿಂದ ಅವಳನ್ನು ಇಟ್ಟುಕೊಂಡದ್ದು ಆ ದಿನಗಳನ್ನು ಕಳೆಯುವುದಕ್ಕೆ.

"ನಿಮಗ ಗೊತ್ತಿತ್ತೇನು ಕಾಕಾ?"

ಭರಮಣ್ಣ ಕನ್ನಡಕ ತೆಗೆದ. "ಮೂವತ್ತೆರಡು ವರ್ಷ ಅರ್ಜಿ ಮ್ಯಾಲಿನ ತಾರೀಖು ನೋಡಿದಾಂವ ನಾನು. ಭಟ್ಟಿ ಕುಸಿದ ಸುದ್ದಿ ಕೇಳಿದ್ದೆ, ಪತ್ರ ಓದಿದ ಕೂಡಲೇ ತಿಳೀತು. ಆದ್ರ ಕೇಳಿದವರಿಗೆ ಮಂದಿ ಕೊಡೂದು ನನ್ನ ಕೆಲಸ. ನಿಮ್ಮಪ್ಪಗ ಕಣ್ಣ ಕಾಣತಿರಲಿಲ್ಲ, ನಿನಗ ಎಲ್ಲೂ ದಾರಿ ಇರಲಿಲ್ಲ. ಕೊಟ್ಟೆ." ಆಮೇಲೆ, ಬೈಯುವ ದನಿಯಲ್ಲಲ್ಲ, ಸಹಜವಾಗಿ ಅಂದ, "ಕಾನೂನು ಓದಿದಾಕಿ ನೀನು. ನಿನಗ ಗೊತ್ತಿರಲಿಲ್ಲೇನು?"

ಕೆಳಗೆ ಟೈಪು ಕಟಕಟ ಅನ್ನುತ್ತಿತ್ತು. ಜೋಹರಾ ಎದ್ದಳು.

ಗಡುವಿಗೆ ಹತ್ತೊಂಬತ್ತು ದಿನ ಉಳಿದಿದ್ದವು. ಮರುದಿನವೇ ಖಾನಾಪುರಕ್ಕೆ ಹೋಗಿ, ಕಾರ್ಖಾನೆಗೆ ಹೋಗದೆ ಮದರಬೀಯ ಮನೆಗೆ ಹೋದಳು. ಆಕೆ ಕೆಲಸಕ್ಕೆ ಹೊರಡುವವಳಿದ್ದಳು. ಜೋಹರಾ ನಿಂತಲ್ಲೇ ಹೇಳಿದಳು. ಕೇಸು ಇಲ್ಲ, ಎಂದೂ ಇರಲಿಲ್ಲ. ಅಂದು ಓದಿ ಹೇಳಿದ್ದು ಸುಳ್ಳು. ನಿಮ್ಮ ಯಜಮಾನರು ಅಂದು ಕೆಲಸದ ಮೇಲೆ ಇರಲಿಲ್ಲ ಎಂದು ಕಾಗದದಲ್ಲಿದೆ. ಈಗ ಅರ್ಜಿ ಬರೆದು ತಂದಿದ್ದೇನೆ, ಹೆಬ್ಬೆಟ್ಟು ಒತ್ತಿದರೆ ಇವತ್ತೇ ಕಚೇರಿಗೆ ಕೊಡುತ್ತೇನೆ. ಮದ್ಯದ ಮಾತು ಮಾತ್ರ ಅವಳ ಬಾಯಿಂದ ಹೊರಡಲಿಲ್ಲ.

ಮದರಬೀ ಕೂಗಲಿಲ್ಲ. ತನ್ನ ಹೆಬ್ಬೆಟ್ಟನ್ನು ಉಳಿದ ನಾಲ್ಕು ಬೆರಳೊಳಗೆ ಮುಚ್ಚಿಕೊಂಡು ಹೇಳಿದಳು.

"ಅಂದೂ ಹಿಂಗ ಕಾಗದ ಹಿಡಕೊಂಡು ಬಂದಿದ್ದಿ. ಇದರಾಗ ಏನೈತಿ ಅಂತ ನಾ ಹೆಂಗ ನಂಬಲಿ? ನೀ ತಂದ ಕಾಗದಕ್ಕ ನಾ ಸತ್ತ್ರೂ ಹೆಬ್ಬೆಟ್ಟು ಒತ್ತಂಗಿಲ್ಲ. ಹೋಗು."

ಜೋಹರಾ ಮತ್ತೆ ಹೋದಳು, ಮತ್ತೆ ಮತ್ತೆ ಹೋದಳು. ಬೇರೆ ಯಾರ ಕೈಯಲ್ಲಾದರೂ ಓದಿಸಿರಿ ಎಂದು ಮುಚ್ಚಿದ ಬಾಗಿಲಿಗೆ ಹೇಳಿದಳು. ಒಳಗೆ ಪಾತ್ರೆಯ ಸಪ್ಪಳ ಕೇಳುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಮಾರ್ಚ್ ಹನ್ನೆರಡು ಬಂತು, ಹೋಯಿತು. ಅಂದು ಕರೆಪ್ಪ ಅವಳ ಕೈಗೆ ಒಂದು ಪ್ರಮಾಣಪತ್ರ ಕೊಟ್ಟ. ಪ್ರಾಮಾಣಿಕಳೂ ವಿಶ್ವಾಸಾರ್ಹಳೂ ಆಗಿರುತ್ತಾಳೆ ಎಂದಿತ್ತು.

ಸಕ್ಕರೆ ಕಂಪನಿಗೆ ಅವಳು ಸೇರಲಿಲ್ಲ. ಅಪ್ಪನಿಗೆ ಕಾರಣ ಹೇಳಲಿಲ್ಲ.

ಏಪ್ರಿಲ್ ಮೊದಲ ವಾರ ಒಂದು ಮಧ್ಯಾಹ್ನ ಮದರಬೀ ಖಡೇಬಜಾರದ ಅಂಗಡಿಗೆ ಬಂದಳು. ಒಬ್ಬಳೇ ಬಂದಿದ್ದಳು. ಮಜೀದ ಸ್ಟೂಲು ಸರಿಸಿ ಕೂಡು ಅಂದ. ಕೂಡಲಿಲ್ಲ.

"ಬ್ಯಾರೆ ವಕೀಲರ ಕಡೆ ಹೋಗಿದ್ದೆ," ಎಂದು ಜೋಹರಾಳಿಗೆ ಹೇಳಿದಳು. "ನೀ ಹೇಳಿದ್ದು ಖರೇ ಅಂದ್ರು. ತಾರೀಖು ಮುಗಿದೈತಂತ. ಯಾಕ ತಡಾ ಆತು ಅಂತ ಕಾರಣ ತೋರಸಿದ್ರ ಸಾಹೇಬರು ಅರ್ಜಿ ಹಿಡೀಬಹುದಂತ. ಆ ಕಾರಣ ನೀನು. ನನಗ ಸುಳ್ಳು ಹೇಳಿದ್ದನ್ನ ಅಲ್ಲಿ ಬಂದು ಹೇಳತಿಯೇನು?"

"ಹೇಳತೀನಿ ಆಪಾ."

"ಆಪಾ ಅನಬ್ಯಾಡ," ಅಂದಳು ಮದರಬೀ.

ಮಶೀನು ನಿಂತಿತ್ತು. ಆಕೆ ಹೋದ ಮೇಲೆ ಮಜೀದ ಮಗಳಿಂದ ಎಲ್ಲ ಕೇಳಿ ತಿಳಿದುಕೊಂಡ. ಕನ್ನಡಕ ತೆಗೆದು ಕೋಟಿನ ತುಂಡು ಬಟ್ಟೆಯಲ್ಲಿ ಒರೆಸುತ್ತ, "ನನ್ನ ಕಣ್ಣು ಬರದಿದ್ರೂ ನಡೀತಿತ್ತಲ್ಲ ಬೇಟಾ," ಅಂದ.

ಸುದ್ದಿ ಭರಮಣ್ಣನಿಗೂ ಮುಟ್ಟಿತು. ಅವನು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತ, ಕೈ ಮುಗಿಯುವುದೊಂದೇ ಬಾಕಿ. "ಸಾಕ್ಷಿ ಕಟ್ಟ್ಯಾಗ ನಿಂತು ನಾ ಮೋಸ ಮಾಡಿದೆ ಅಂದ ವಕೀಲರಿಗೆ ಮುಂದ ಯಾರು ಕೆಲಸ ಕೊಡತಾರ ತಂಗಿ? ಸನದು ಹೋಗತೈತಿ. ನನ್ನ ಕೈಲೆ ಏನೂ ಆಗಂಗಿಲ್ಲ ಆಮ್ಯಾಲೆ. ಆಕಿಗೆ ಬ್ಯಾರೆ ರೀತಿಲೆ ಸಹಾಯ ಮಾಡೂಣು." ಅವನ ಕಳವಳ ನಿಜವಾದದ್ದೇ ಆಗಿತ್ತು. ಮದುವೆ ಮುರಿದರೆ ನಡುವಿನವನಿಗೆ ಆಗುವ ಸಂಕಟ. ಜೋಹರಾ ಚಹಾ ತರಿಸಿಕೊಟ್ಟಳು, ಮಾತು ಬದಲಿಸಲಿಲ್ಲ.

ವಿಚಾರಣೆ ಬಂದದ್ದು 1980ರ ಜೂನಿನಲ್ಲಿ. ಕಚೇರಿಯ ಸಣ್ಣ ಖೋಲಿ, ಮೇಜಿನ ಆಚೆ ಕಮಿಷನರು, ಈಚೆ ಬೆಂಚಿನ ಮೇಲೆ ಮದರಬೀ. ರೈಲು ನಿಲ್ದಾಣದಿಂದ ಆಕೆಯನ್ನು ಕರೆದುಕೊಂಡು ಬಂದವನು ಮಜೀದ. ಗಂಡುದಿಕ್ಕಿಲ್ಲದ ಹೆಣ್ಣುಮಗಳು ಕಚೇರಿಗೆ ಒಬ್ಬಳೇ ಅಲೆಯಬಾರದೆಂದು ಪ್ರತಿ ತಾರೀಖಿಗೂ ಅವನು ಅಂಗಡಿ ಮುಚ್ಚಿ ಹೋಗುತ್ತಿದ್ದ. ಕಾರ್ಖಾನೆಯ ಕಡೆಯ ವಕೀಲರ ಮೈಮೇಲಿದ್ದ ಕೋಟು ಅವನೇ ಹೊಲಿದದ್ದು.

"ಈ ಸಹಿ ನಿಮ್ಮದೇ?" ಎಂದು ಆ ವಕೀಲರು ಕೇಳಿದರು.

"ಹೌದ್ರಿ."

"ಓದಿ ಹೇಳಿದ್ದೇನೆ ಅಂತ ಬರೆದು ಸಹಿ ಮಾಡಿದ್ದೀರಿ. ಈಗ ಓದಿ ಹೇಳಲಿಲ್ಲ ಅಂತೀರಿ. ಅಂದು ಸುಳ್ಳು ಹೇಳಿದಿರೋ, ಇಂದು ಹೇಳುತ್ತಿದ್ದೀರೋ?"

"ಅಂದು ಹೇಳಿದೆ ರೀ."

"ಒಬ್ಬ ವಕೀಲರಾಗಿ?"

"ವಕೀಲಳು ಅಂತನ ನನ್ನನ್ನ ಕಳಿಸಿದ್ರು. ನಮ್ಮವರಾಕಿ ಅಂತ ಆಕಿ ನಂಬಿದಳು. ಎರಡು ವರ್ಷ ಕೇಸು ನಡದೈತಿ ಅಂತ ಹೇಳಿ ಆಕಿನ್ನ ತಡದಾಕಿ ನಾನು."

ಕಮಿಷನರು ಕಾಗದವನ್ನು ಅವಳ ಕೈಗೆ ಕೊಡಿಸಿ, ಇದರಲ್ಲಿರುವುದನ್ನು ಇದ್ದ ಹಾಗೆ ಅರ್ಜಿದಾರಳಿಗೆ ಈಗ ಓದಿ ಹೇಳಿ ಅಂದರು. ಜೋಹರಾ ಒಂದೊಂದೇ ಸಾಲನ್ನು ದಖನಿಯಲ್ಲಿ ಹೇಳುತ್ತ ಹೋದಳು. ಅಲ್ಲಾಭಕ್ಷನ ಹೆಸರಿದ್ದ ಸಾಲು ಬಂತು. ಮದ್ಯದ ಅಮಲಿನಲ್ಲಿ ಅನ್ನುವುದನ್ನೂ ಹೇಳಿದಳು.

ಮದರಬೀ ಬೆಂಚಿನಿಂದ ಎದ್ದಳು. ಅವಳು ಜೋಹರಾಳ ಕಡೆ ನೋಡಲೇ ಇಲ್ಲ. ಮೇಜಿನ ಹತ್ತಿರ ಹೋಗಿ, ಮುರುಕು ಕನ್ನಡದಲ್ಲಿ ಕಮಿಷನರಿಗೆ ಹೇಳಿದಳು.

"ಸಾಹೇಬ್ರ, ಅವರು ಬೀಡಿ ಸೈತ ಸೇದತಿರಲಿಲ್ಲ. ಅದನ್ನ ಬರಕೊಳ್ರಿ. ರೊಕ್ಕದ ಮಾತು ಆಮ್ಯಾಲೆ. ಮೊದಲ ಅದನ್ನ ಬರಕೊಳ್ರಿ."

ಕಮಿಷನರು ಗುಮಾಸ್ತನಿಗೆ ಬರೆದುಕೋ ಅಂದರು. ಬರೆದು ಮುಗಿಯುವವರೆಗೆ ಆಕೆ ಅಲ್ಲೇ ನಿಂತಿದ್ದಳು.

ತಡವನ್ನು ಮನ್ನಿಸಿ ಅರ್ಜಿ ಹಿಡಿದರು. 1982ರಲ್ಲಿ ಮದರಬೀಯ ಪರವಾಗಿ ಆದೇಶವಾಯಿತು. ಕಾರ್ಖಾನೆ ಮೇಲಿನ ಕೋರ್ಟಿಗೆ ಹೋಯಿತು, ಅಲ್ಲಿ ಇನ್ನೆರಡು ವರ್ಷ. ಹಣ ಕೈಗೆ ಬರುವ ಹೊತ್ತಿಗೆ ಹಲಗೆ ಹೊತ್ತು ಹೊತ್ತು ಮದರಬೀಯ ಕುತ್ತಿಗೆ ಒಂದು ಕಡೆ ವಾಲಿತ್ತು. ಹಿರಿಯ ಮಗಳೂ ಬೇರೊಂದು ಕಾರ್ಖಾನೆಯ ಅಂಗಳಕ್ಕೆ ಹೆಂಚು ಹೊರಲು ಹತ್ತಿದ್ದಳು.

ಜೋಹರಾಳ ಮೇಲೆ ವಕೀಲರ ಪರಿಷತ್ತಿಗೆ ದೂರು ಹೋಯಿತು. ಅವಳ ಸನದನ್ನು ತಡೆಹಿಡಿದರು. ವಿಚಾರಣೆ ಎಂದು ಬೆಂಗಳೂರಿಗೆ ಮೂರು ಸಲ ಕರೆಸಿದರು, ತೀರ್ಮಾನ ಮಾತ್ರ ಬರಲಿಲ್ಲ. ಭರಮಣ್ಣ ತನ್ನ ಫೈಲಿನಿಂದ ಅವಳ ಕಾಗದಗಳನ್ನು ತೆಗೆದು, ಮಡಚಿ, ಟೈಪಿಂಗ್ ಕ್ಲಾಸಿನ ಹುಡುಗಿಯೊಬ್ಬಳ ಕೈಯಲ್ಲಿ ಕಳಿಸಿಕೊಟ್ಟ. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ. ವಕೀಲರೂ ಒಬ್ಬೊಬ್ಬರಾಗಿ ಬೇರೆ ದರ್ಜಿಯ ಹತ್ತಿರ ಹೋದರು. ಮಜೀದ ಸಾಲೆಯ ಮಕ್ಕಳ ಬಟ್ಟೆ ಹೊಲಿಯತೊಡಗಿದ. ಜೋಹರಾ ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದಳು. ಮೊಹಲ್ಲಾದ ಹೆಂಗಸರು ಕೋರ್ಟಿನ ನೋಟೀಸು ಬಂದರೆ ಅವಳ ಹತ್ತಿರ ತಂದು ಓದಿಸಿಕೊಳ್ಳುತ್ತಿದ್ದರು. ಅವಳು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದಿ ಹೇಳುತ್ತಿದ್ದಳು. ಕೆಲವರಿಗೆ ಅದು ಕಠೋರವೆನಿಸುತ್ತಿತ್ತು.

1985ರ ಬೇಸಿಗೆಯಲ್ಲಿ ಮದರಬೀಯ ಹಿರಿಯ ಮಗಳ ನಿಕಾಹ್ ಗೊತ್ತಾಯಿತು. ಅಂಚೆಯಲ್ಲಿ ಕಾಗದ ಬಂತು. ಮೇಲೆ ಮಜೀದ ದರ್ಜಿ, ಖಡೇಬಜಾರ ಎಂದಷ್ಟೇ ಇತ್ತು. ಮಜೀದ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಮಗಳ ಹೆಸರು ಎಲ್ಲೂ ಇರಲಿಲ್ಲ. "ನಾನೂ ಹೋಗಂಗಿಲ್ಲ ಬಿಡು," ಅಂದ.

"ಹೋಗ್ರಿ ಅಬ್ಬಾ," ಅಂದಳು ಜೋಹರಾ. ತಾನೇ ಅವನ ಶೆರವಾನಿಗೆ ಇಸ್ತ್ರಿ ಮಾಡಿ, ನಿಲ್ದಾಣದ ತನಕ ಹೋಗಿ ರೈಲು ಹತ್ತಿಸಿ ಬಂದಳು.

ಸಂಜೆ ಅವನು ಮರಳಿ ಬಂದಾಗ ಅಂಗಡಿಯಲ್ಲಿ ದೀಪ ಹಚ್ಚಿತ್ತು. ಊಟ ಛಲೋ ಇತ್ತು ಅಂದ. ಹುಡುಗ ಲೋಂಡಾದವನು, ರೈಲ್ವೆಯಲ್ಲಿದ್ದಾನೆ ಅಂದ. ಹುಡುಗಿ ಬಹಳ ಅತ್ತಳು ಅಂದ.

ಜೋಹರಾ ಗುಂಡಿ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಅವರವ್ವ ನನ್ನನ್ನ ಕೇಳಿದ್ಲೇನು?"

ಮಜೀದ ಶೆರವಾನಿ ಬಿಚ್ಚಿ ಗೂಟಕ್ಕೆ ಹಾಕಿದ. "ಇಲ್ಲ ಬೇಟಾ," ಅಂದ. ಆಮೇಲೆ ಕೈಕಾಲು ತೊಳೆದುಕೊಂಡು ಬಂದು, ಮರುದಿನ ಕೊಡಬೇಕಾಗಿದ್ದ ಸಾಲೆಯ ಅಂಗಿಗಳಲ್ಲಿ ಅರ್ಧ ಎತ್ತಿ ತನ್ನ ಮುಂದೆ ಹಾಕಿಕೊಂಡ.